ಉಪ್ಪುಗಾಳಿಯೂ ಪಿಸ್ತೂಲಿನ ಕಿರುಭಾಗಗಳೂ

ಹತ್ತು ಮೀಟರು ದೂರದಲ್ಲಿ ನಿಲ್ಲಿಸಿದ ಗುರಿಹಲಗೆಯ ನಡುವಣ ಹತ್ತರ ವೃತ್ತಕ್ಕೆ ೧೧.೫ ಮಿಲಿಮೀಟರು ಮಾತ್ರ ವ್ಯಾಸ. ಏರ್ ಪಿಸ್ತೂಲ್ ಸ್ಪರ್ಧಿಯು ಒಂದು ಕೈಯನ್ನು ಆಸರೆಯಿಲ್ಲದೆ ಚಾಚಿ ೬೦ ಬಾರಿ ಆ ವೃತ್ತವನ್ನು ಅರಸಬೇಕು. ಇದಕ್ಕೆ ಕಣ್ಣು, ಉಸಿರು, ಮನಸ್ಸುಗಳ ಶಿಸ್ತು ಎಷ್ಟು ಅವಶ್ಯವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಶಿಸ್ತೆಲ್ಲವೂ ಕಡೆಗೆ ಉಗುರಿನಷ್ಟು ಚಿಕ್ಕದಾದ ಒಂದೆರಡು ಉಕ್ಕಿನ ತುಂಡುಗಳ ಮೂಲಕವೇ ಗುರಿಯನ್ನು ಮುಟ್ಟಬೇಕಾಗಿದೆ ಎಂಬುದು ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಪಿಸ್ತೂಲನ್ನು ಕೊಳ್ಳಲು ಹಣವನ್ನು ಹೊಂದಿಸುವವರು ಅದರ ಪಾಲನೆಗೆ ದಿನಕ್ಕೆ ಹತ್ತು ನಿಮಿಷವನ್ನು ಹೊಂದಿಸುವುದಿಲ್ಲ. ಈ ಪಾಲನೆಯೂ ಅಭ್ಯಾಸದ ಒಂದು ಅಂಗವೆಂಬುದು, ಕಡಲಕರೆಯಲ್ಲಂತೂ ಅನಿವಾರ್ಯ ಅಂಗವೆಂಬುದು ನಮ್ಮ ಅಭಿಪ್ರಾಯ.

ಪಿಸ್ತೂಲಿನ ಒಳಗೆ ನಡೆಯುವುದೇನೆಂಬುದನ್ನು ಮೊದಲು ನೋಡೋಣ. ಸ್ಪ್ರಿಂಗಿನ ಒತ್ತಡದಲ್ಲಿರುವ ಸುತ್ತಿಗೆಯನ್ನು ಸಿಯರ್ ಎಂಬ ಪುಟ್ಟ ಕೊಂಡಿ ಹಿಡಿದಿರುತ್ತದೆ. ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದಾಗ ಕೊಂಡಿಯ ಅಂಚು ಸುತ್ತಿಗೆಯ ಕಚ್ಚಿನಿಂದ ಜಾರುತ್ತದೆ. ಸುತ್ತಿಗೆ ಕವಾಟಕ್ಕೆ ಬಡಿದು, ಒತ್ತಿ ತುಂಬಿದ ಗಾಳಿ ಗುಂಡನ್ನು ತಳ್ಳುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ೫೦೦ ಗ್ರಾಂ ತೂಕವನ್ನು ಕುದುರೆಗೆ ತಗುಲಿಸಿ ಎತ್ತಿದರೂ ಈ ಕೊಂಡಿ ಜಾರಬಾರದು. ಅಂಚು ಸವೆದರೆ ಎಳೆತ ಒಮ್ಮೆ ಹಗುರವಾಗಿ, ಒಮ್ಮೆ ಬಿಗಿಯಾಗಿ, ಕೈ ನಂಬಿದ್ದ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನಷ್ಟು ಸವೆದರೆ ತೂಕದ ಪರೀಕ್ಷೆಯಲ್ಲಿ ಸೋತು ಸ್ಪರ್ಧಿ ಅನರ್ಹನಾಗಬಹುದು. ಅದಕ್ಕಿಂತ ಘೋರವಾದುದೆಂದರೆ, ಕುದುರೆಯನ್ನು ಮುಟ್ಟದೆಯೇ ಪಿಸ್ತೂಲು ಹಾರುವ ಅಪಾಯ.

ಸವೆತಕ್ಕೂ ಒಂದು ನಿಯಮವುಂಟು. ೧೯೫೩ರಲ್ಲಿ ಆರ್ಚರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಪ್ರಕಟಿಸಿದ ಸೂತ್ರದ ಪ್ರಕಾರ, ಒತ್ತಡವೂ ಉಜ್ಜುವ ದೂರವೂ ಹೆಚ್ಚಿದಂತೆ ಸವೆತ ಹೆಚ್ಚುತ್ತದೆ. ಲೋಹದ ಗಡಸುತನ ಹೆಚ್ಚಿದಂತೆ ಸವೆತ ಕಡಿಮೆಯಾಗುತ್ತದೆ. ದಿನಕ್ಕೆ ೧೦೦ ಬಾರಿಯಂತೆ ವರ್ಷದಲ್ಲಿ ೩೦೦ ದಿನ ಅಭ್ಯಾಸ ಮಾಡಿದರೆ ಅದೇ ಅಂಚು ಅದೇ ಕಚ್ಚಿನಿಂದ ೩೦,೦೦೦ ಸಲ ಜಾರಿರುತ್ತದೆ. ಇಂಥ ಭಾಗಗಳಲ್ಲಿ ಅನೇಕವು ಹೊರಗೆ ಮಾತ್ರ ತೆಳುವಾದ ಗಡಸು ಪದರವನ್ನು ಹೊಂದಿ, ಒಳಗೆ ಮೆತ್ತಗಿರುತ್ತವೆ. ಎಳೆತವನ್ನು ಹಗುರಗೊಳಿಸುವ ಆಸೆಯಿಂದ ಅಂಚಿಗೆ ಅರ ತಾಗಿಸುವವನು ಆ ಪದರವನ್ನೇ ತೆಗೆದುಹಾಕುತ್ತಾನೆ. ಮೊದಲ ವಾರ ಅವನಿಗೆ ಸಂತೋಷ. ಅನಂತರ ಸವೆತ ಓಟಕ್ಕಿಳಿಯುತ್ತದೆ. ಈ ಕೆಲಸಕ್ಕೆ ವಿದ್ಯಾರ್ಥಿಗಳು ಎಂದಿಗೂ ಕೈಹಾಕಕೂಡದು.

ಈಗ ನಮ್ಮ ಕರಾವಳಿಯ ಮಾತಿಗೆ ಬರೋಣ. ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಹೋಗುವ ಹೆದ್ದಾರಿಯು ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಇಟ್ಟುಕೊಂಡಿದೆ. ಇಲ್ಲಿಯ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ನೂರಕ್ಕೆ ೭೫ನ್ನು ದಾಟಿದೊಡನೆ ಉಪ್ಪಿನ ಹರಳು ತಾನಾಗಿಯೇ ತೇವವನ್ನು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಉಕ್ಕಿನ ಮೇಲೆ ಕುಳಿತ ಕಣ್ಣಿಗೆ ಕಾಣದ ಹರಳೂ ಹಾಗೆಯೇ ಕರಗಿ ತುಕ್ಕಿಗೆ ದಾರಿ ಮಾಡುತ್ತದೆ. ತುಕ್ಕಿನ ಪುಡಿ ಸುಮ್ಮನಿರುವುದಿಲ್ಲ. ಕೊಂಡಿಗೂ ಕಚ್ಚಿಗೂ ನಡುವೆ ಸಿಕ್ಕಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಬೆವರಿನಲ್ಲಿಯೂ ಇರುವುದು ಇದೇ ಉಪ್ಪು. ಆದುದರಿಂದ ಇಲ್ಲಿ ಪಿಸ್ತೂಲು ಹಾರಿಸಿದಾಗ ಮಾತ್ರವಲ್ಲ, ಪೆಟ್ಟಿಗೆಯಲ್ಲಿ ಮಲಗಿರುವಾಗಲೂ ಕೆಡುತ್ತಿರುತ್ತದೆ.

ಗಾಳಿಯ ಕೊಳವೆಯದು ಇನ್ನೊಂದು ಕಥೆ. ೩೦ ಡಿಗ್ರಿ ಸೆಲ್ಸಿಯಸ್ಸಿನ ನಮ್ಮ ತೇವದ ಗಾಳಿಯಲ್ಲಿ ಒಂದು ಘನಮೀಟರಿಗೆ ಸುಮಾರು ೨೫ ಗ್ರಾಂ ನೀರಾವಿ ಇರಬಹುದು. ೧೦೦ ಮಿಲಿಲೀಟರಿನ ಕೊಳವೆಯೊಂದಕ್ಕೆ ೨೦೦ ವಾಯುಭಾರದಷ್ಟು ಗಾಳಿಯನ್ನು ತುಂಬಿದರೆ ಹೊರಗಿನ ಸುಮಾರು ೨೦ ಲೀಟರು ಗಾಳಿ ಅದರಲ್ಲಿ ಅಡಗುತ್ತದೆ. ಅದರೊಡನೆ ಬರುವ ನೀರು ಅರ್ಧ ಗ್ರಾಂ, ಎಂದರೆ ಸುಮಾರು ಹತ್ತು ಹನಿ. ಸ್ವಲ್ಪ ಭಾಗ ಪಂಪಿನಲ್ಲೇ ಉಳಿದರೂ, ತಿಂಗಳುಗಟ್ಟಲೆ ಒಳಸೇರುವ ಹನಿಗಳು ಕವಾಟವನ್ನೂ ಕೊಳವೆಯ ಒಳಮೈಯನ್ನೂ ಕೆಡಿಸಲು ಸಾಕು. ಗಾಳಿಯನ್ನು ಒಣಗಿಸುವ ಸೋಸಕವಿಲ್ಲದೆ ಕೈಪಂಪನ್ನು ಬಳಸುವುದು ಘಟ್ಟದ ಮೇಲಿನ ಒಣ ಊರಿನಲ್ಲಿ ನಡೆದೀತು, ಇಲ್ಲಿ ನಡೆಯದು.

ಹಾಗಾದರೆ ಎಣ್ಣೆಯನ್ನು ಧಾರಾಳವಾಗಿ ಸುರಿದರೆ ಸರಿಹೋಗದೇ ಎಂದು ಓದುಗರು ಕೇಳಬಹುದು. ಇದು ಸವೆತಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಹೆಚ್ಚಾದ ಎಣ್ಣೆ ಧೂಳನ್ನೂ ಮರಳನ್ನೂ ಹಿಡಿದಿಟ್ಟು ಅರೆಯುವ ಹಿಟ್ಟಾಗುತ್ತದೆ. ಅಧಿಕ ಒತ್ತಡದ ಗಾಳಿಯ ಭಾಗಕ್ಕೆ ಖನಿಜ ತೈಲ ಸೇರಿದರೆ ಅದು ಹೊತ್ತಿಕೊಳ್ಳುವ ಅಪಾಯವೂ ಇದೆ. ತಯಾರಕರು ಹೇಳಿದ ಕೀಲೆಣ್ಣೆಯನ್ನು, ಹೇಳಿದ ಜಾಗಕ್ಕೆ, ಸೂಜಿಮೊನೆಯಷ್ಟು ಹಚ್ಚಿದರೆ ಸಾಕು.

ಇಂಥ ಕಿರುಭಾಗಗಳ ಬೆಲೆ ಏನೆಂಬುದನ್ನು ದೇಶವೇ ಒಮ್ಮೆ ಕಂಡಿತು. ೨೦೨೧ರ ಜುಲೈಯಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ನಿಂತಿತು. ಅದನ್ನು ಸರಿಪಡಿಸುವಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದವು. ೫೭೫ ಅಂಕಗಳನ್ನು ಗಳಿಸಿ ಅವರು ೧೨ನೆಯವರಾದರು. ಅಂತಿಮ ಸುತ್ತಿಗೆ ಎಂಟು ಮಂದಿಗೆ ಮಾತ್ರ ಎಡೆಯಿತ್ತು. ಅಲ್ಲಿ ಅಜಾಗರೂಕತೆಯಿತ್ತೆಂದು ನಾವು ಹೇಳುತ್ತಿಲ್ಲ. ಎಷ್ಟು ನಿಪುಣರಾದರೂ ಯಂತ್ರದ ಮರ್ಜಿಗೆ ಒಳಗಾಗಬೇಕೆಂಬುದಷ್ಟೇ ನಮ್ಮ ಮಾತು. ಅವರು ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದರು. ಎಲ್ಲರಿಗೂ ಎರಡನೆಯ ಅವಕಾಶ ಹೀಗೆ ಒದಗುವುದಿಲ್ಲ.

ಪಿಸ್ತೂಲು ಸೂಕ್ಷ್ಮವಾದ, ದುಬಾರಿಯಾದ ಯಂತ್ರ. ಅದನ್ನು ತಜ್ಞರಿಗೇ ಬಿಡಬೇಕು, ಹುಡುಗರ ಕೈಗೆ ಕೊಡಬಾರದು ಎಂಬ ವಾದವೊಂದುಂಟು. ಅರ್ಧಕ್ಕೆ ನಾವು ಒಪ್ಪುತ್ತೇವೆ. ಬಿಚ್ಚುವುದು, ಜೋಡಿಸುವುದು, ಸಿಯರನ್ನು ಹೊಂದಿಸುವುದು ತಜ್ಞರ ಕೆಲಸವೇ ಸರಿ. ಆದರೆ ತಜ್ಞರು ವರ್ಷಕ್ಕೊಮ್ಮೆ ನೋಡುತ್ತಾರೆ, ಉಪ್ಪುಗಾಳಿ ದಿನವೂ ಬೀಸುತ್ತದೆ. ತರಬೇತುದಾರರ ಎದುರಿನಲ್ಲಿ ಪಿಸ್ತೂಲು ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡು ಒಣಬಟ್ಟೆಯಿಂದ ಒರಸುವುದು, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನಿಟ್ಟು ಕಾಲಕಾಲಕ್ಕೆ ಬದಲಾಯಿಸುವುದು, ಹಾರಿಸಿದ ಗುಂಡುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವುದು, ಕುದುರೆಯ ಎಳೆತವನ್ನು ವಾರಕ್ಕೊಮ್ಮೆ ತೂಗಿಸಿ ಗುರುತು ಹಾಕಿಕೊಳ್ಳುವುದು, ಇವೆಲ್ಲ ವಿದ್ಯಾರ್ಥಿಯ ಕೆಲಸ. ಲೆಕ್ಕವಿದ್ದರೆ ಸ್ಪ್ರಿಂಗನ್ನೂ ರಬ್ಬರಿನ ಉಂಗುರವನ್ನೂ ಮುರಿಯುವ ಮೊದಲೇ ಬದಲಾಯಿಸಬಹುದು. ಎಳೆತ ೫೨೦ ಗ್ರಾಮಿನಿಂದ ೫೦೫ಕ್ಕೆ ಇಳಿದುದನ್ನು ಪುಸ್ತಕ ತೋರಿಸಿದರೆ ಅದೇ ಎಚ್ಚರಿಕೆಯ ಗಂಟೆ.

ಉಜ್ಜಾಟ ಮತ್ತು ಸವೆತಗಳ ಅಧ್ಯಯನಕ್ಕೆ ಟ್ರೈಬಾಲಜಿ ಎಂಬ ಹೆಸರು ಬಂದುದು ೧೯೬೬ರಲ್ಲಿ, ಬ್ರಿಟನ್ನಿನಲ್ಲಿ. ಹೆಸರು ಹೊಸದು, ಆದರೆ ಗಂಗೊಳ್ಳಿಯ ದೋಣಿಯ ಯಂತ್ರಕ್ಕೂ ಕೆಡೆಟ್ಟುಗಳ ೦.೨೨ ರೈಫಲಿಗೂ ಹೊಲಿಗೆಯಂತ್ರಕ್ಕೂ ನಿಯಮ ಒಂದೇ. ಪ್ರೌಢಶಾಲೆಯಲ್ಲಿ ಘರ್ಷಣೆಯ ಪಾಠವನ್ನು ಓದುವ ವಿದ್ಯಾರ್ಥಿಗೆ ಪಾಲನೆಯ ಪಾಠವನ್ನೂ ಕಲಿಸಬೇಕೆಂದು ನಾವು ಶಾಲಾ ಕಾಲೇಜುಗಳನ್ನು ಒತ್ತಾಯಿಸುತ್ತೇವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ಹಿರಿಯರು. ಅಡಿಕೆಗಿಂತ ಚಿಕ್ಕದಾದ ಕೊಂಡಿಯ ಸವೆತದಿಂದ ಹೋಗುವ ಪದಕದ ವಿಷಯದಲ್ಲಿಯೂ ಈ ಮಾತು ನಿಜ.