ಕಲ್ಪತರು ನಾಡಿನ ಬ್ರಾಯ್ಲರ್ ಸಾಕಣೆದಾರರ ಹಕ್ಕೊತ್ತಾಯ ಪತ್ರ

ಪಶುಸಂಗೋಪನಾ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು, ಇವರಿಗೆ

ಮಾನ್ಯರೇ,

ತೆಂಗಿಗೆ ನುಸಿ ಬಿದ್ದು, ಕೊಬ್ಬರಿ ಬೆಲೆ ನಂಬುವಂತಿಲ್ಲದಾದ ಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಾವು ಸಾಲ ಮಾಡಿ ತೋಟದ ಮಗ್ಗುಲಲ್ಲೇ ಶೆಡ್ ಕಟ್ಟಿದೆವು. ಮರಿ, ಫೀಡ್, ಔಷಧಿ ಗುತ್ತಿಗೆ ಕಂಪನಿಯದು. ಶೆಡ್, ಹೊಟ್ಟು, ಕರೆಂಟು, ಕೆಟ್ಟ ನಿದ್ದೆ ನಮ್ಮದು. ಒಂದು ಕಿಲೋ ತೂಕ ಬರಲು ಎಷ್ಟು ಕಿಲೋ ಫೀಡ್ ಹೋಯಿತು ಎಂಬ ಎಫ್‌ಸಿಆರ್ ಲೆಕ್ಕ ನೋಡಿ ನಮಗೆ ಸಾಕಣೆ ಕೂಲಿ ಕಟ್ಟುತ್ತಾರೆ. ಮರಿಯೇ ಸೊರಗಿ ಬಂದಿತ್ತೇ, ಫೀಡಿಗೆ ಹಾಕಿದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿತ್ತೇ ಎಂದು ಯಾರೂ ಕೇಳುವುದಿಲ್ಲ. ಬೂಷ್ಟಿನಲ್ಲಿರುವ ಅಫ್ಲಟಾಕ್ಸಿನ್ ವಿಷ ಕೋಳಿಯ ಯಕೃತ್ತು ಕೆಡಿಸಿ ಬೆಳವಣಿಗೆ ತಡೆಯುತ್ತದೆಂದು ತಮ್ಮ ಪಶುವೈದ್ಯರೆಲ್ಲರಿಗೂ ಗೊತ್ತು. ಕಡಿತದ ಚೀಟಿ ಮಾತ್ರ ನಮ್ಮ ಹೆಸರಿಗೇ ಬರುತ್ತದೆ. ನಮಗೆ ಸಲ್ಲಬೇಕಾದ್ದು ಇಷ್ಟು:

1. ಐಎಸ್ 1374 ಮಾನಕದಂತೆ ಪ್ರೀ-ಸ್ಟಾರ್ಟರ್‌ನಲ್ಲಿ ಶೇ 23, ಸ್ಟಾರ್ಟರ್‌ನಲ್ಲಿ ಶೇ 22, ಫಿನಿಷರ್‌ನಲ್ಲಿ ಶೇ 20 ಪ್ರೋಟೀನು ಇಲ್ಲದ ಫೀಡ್ ನಮ್ಮ ಶೆಡ್ಡಿಗೆ ಬರದಂತೆ ತಡೆದು, ಪ್ರತಿ ಚೀಲದ ಮೇಲೆ ಈ ವಿವರವನ್ನೂ ತಯಾರಾದ ದಿನವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಬೇಕು.

2. ಪ್ರತಿ ಲೋಡಿನಿಂದ ನಮ್ಮೆದುರೇ ಮಾದರಿ ತೆಗೆದು, ಮೊಹರು ಹಾಕಿ, ಒಂದು ಪೊಟ್ಟಣ ನಮ್ಮ ಕೈಗೆ ಕೊಡಬೇಕು.

3. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪ್ರೋಟೀನು ಮತ್ತು ಅಫ್ಲಟಾಕ್ಸಿನ್ ಪರೀಕ್ಷೆಗೆ ಏರ್ಪಾಡು ಮಾಡಿ ವಾರದೊಳಗೆ ವರದಿ ಕೊಡಿಸಬೇಕು, ಏಕೆಂದರೆ ಆರು ವಾರಕ್ಕೆ ಲಾರಿ ಹತ್ತುವ ಕೋಳಿಗೆ ಎರಡು ತಿಂಗಳ ನಂತರದ ವರದಿ ಯಾವ ಕೆಲಸಕ್ಕೂ ಬಾರದು.

4. ಫೀಡಿನಲ್ಲಾಗಲಿ ಮರಿಯಲ್ಲಾಗಲಿ ದೋಷ ಕಂಡ ಬ್ಯಾಚಿಗೆ ಎಫ್‌ಸಿಆರ್ ಹೆಸರಿನಲ್ಲಿ ಒಂದು ಪೈಸೆಯನ್ನೂ ಹಿಡಿಯಕೂಡದು.

5. ನಮ್ಮದೇ ಸೀಮೆಯ ಕೊಬ್ಬರಿ ಹಿಂಡಿಯಲ್ಲಿ ನಾರು ಹೆಚ್ಚು, ಲೈಸಿನ್ ಕಡಿಮೆ ಇರುವುದರಿಂದ ಅದನ್ನು ಬ್ರಾಯ್ಲರ್ ಫೀಡಿಗೆ ಎಷ್ಟರವರೆಗೆ ಬೆರೆಸಬಹುದೆಂಬ ಮಿತಿಯನ್ನು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ಗೊತ್ತುಮಾಡಿಸಿ ಪ್ರಕಟಿಸಬೇಕು.

6. ಕೋಳಿ ಹಿಡಿಯುವ ಮುನ್ನ ಫೀಡರ್ ಎತ್ತಿಸುವುದು ಮಾಂಸದ ಶುಚಿಗೆ ಬೇಕಾದ್ದೇ, ನಾವು ಅದಕ್ಕೆ ತಕರಾರು ಮಾಡುವುದಿಲ್ಲ, ಆದರೆ ರಾತ್ರಿ ಹತ್ತಕ್ಕೆ ಬರಬೇಕಾದ ಲಾರಿ ಕೋಳಿ ಕೂಗುವ ಹೊತ್ತಿಗೆ ಬಂದಾಗ ಹಸಿದ ಕೋಳಿ ಕಳೆದುಕೊಂಡ ತೂಕವನ್ನು ನಮ್ಮ ತಲೆಗೆ ಕಟ್ಟದೆ, ತಡವಾದ ಪ್ರತಿ ಗಂಟೆಗೆ ಕಂಪನಿಯಿಂದಲೇ ಪರಿಹಾರ ಕೊಡಿಸಬೇಕು.

7. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯಲ್ಲಿ, ಶೆಡ್ ಬಾಗಿಲಲ್ಲೇ ತೂಕವಾಗಬೇಕು.

8. ಲೋಡ್ ಮಾಡುವಾಗ ಮುರಿದ ರೆಕ್ಕೆ, ರಕ್ತ ಹೆಪ್ಪುಗಟ್ಟಿದ ಎದೆಮಾಂಸ, ದಾರಿಯಲ್ಲಿ ಸತ್ತ ಕೋಳಿ ಇವೆಲ್ಲಕ್ಕೂ ಲಾರಿಯವರನ್ನು ಕಳಿಸಿದವರೇ ಹೊಣೆಯಾಗಬೇಕು.

9. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ ಕೊಲಿಸ್ಟಿನ್ ಆಗಲಿ, ಬೇಗ ಬೆಳೆಯಲೆಂದು ಬೆರೆಸುವ ಇನ್ನಾವುದೇ ಆಂಟಿಬಯಾಟಿಕ್ ಆಗಲಿ ಫೀಡಿನಲ್ಲಿಲ್ಲವೆಂದು ಕಂಪನಿಗಳಿಂದ ಬರೆಸಿಕೊಳ್ಳಬೇಕು.

10. ಜಾನುವಾರು ಸಾಕಣೆಯನ್ನೂ ಒಳಗೊಂಡ 2018ರ ಮಾದರಿ ಗುತ್ತಿಗೆ ಕೃಷಿ ಕಾಯ್ದೆಯ ಜಾಡಿನಲ್ಲಿ ಕರಾರಿನ ಕನ್ನಡ ಪ್ರತಿ, ಕನಿಷ್ಠ ಸಾಕಣೆ ಕೂಲಿ ಮತ್ತು ಕೋಳಿ ಲಾರಿ ಹತ್ತಿದ 15 ದಿನದೊಳಗೆ ಪಾವತಿಯನ್ನು ಕಡ್ಡಾಯ ಮಾಡಬೇಕು.

11. ಈ ಪತ್ರಕ್ಕೆ 30 ದಿನದೊಳಗೆ, ಒಂದೊಂದು ಅಂಶಕ್ಕೂ ಬೇರೆಬೇರೆಯಾಗಿ, ಲಿಖಿತ ಉತ್ತರ ಕೊಡಬೇಕು.

ಇಂತಿ,
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬ್ರಾಯ್ಲರ್ ಸಾಕಣೆದಾರರು