ಪಾಳುಮನೆಗಳೂ ಛಾಯಾಚಿತ್ರಕಾರರೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜನವಸತಿಯಿಲ್ಲದೆ ನಿಂತ ಹಳೆಯ ಮನೆಗಳನ್ನು ಅರಸಿಕೊಂಡು ಹೋಗಿ, ಅವುಗಳ ಛಾಯಾಚಿತ್ರ ತೆಗೆದು ಲೋಕಕ್ಕೆ ತೋರಿಸುವ ಹವ್ಯಾಸವು ಈಚೆಗೆ ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿದೆ. ಹಾವಸೆ ಹಿಡಿದ ಗೋಡೆ, ಅರ್ಧ ಕಳಚಿದ ಬಾಗಿಲು, ಅಂಗಳದಲ್ಲಿ ಎದೆಯೆತ್ತರಕ್ಕೆ ಬೆಳೆದ ಹುಲ್ಲು, ಮುರಿದ ಹೆಂಚಿನ ಸಂದಿನಿಂದ ಇಳಿದ ಬಿಸಿಲು, ಇವುಗಳಲ್ಲಿ ಒಂದು ಬಗೆಯ ಚೆಲುವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಚಿತ್ರಗಳ ಕೆಳಗೆ ಬರೆದಿರುವುದೇನು? ಊರಿನ ಹೆಸರಿಲ್ಲ; ಮನೆತನದ ಹೆಸರಿಲ್ಲ; ಕಟ್ಟಿದ ಕಾಲವಿಲ್ಲ; ಬಿಟ್ಟುಹೋದ ಕಾರಣವಿಲ್ಲ. ‘ಕಾಲನ ಬಾಯಿಗೆ ಬಿದ್ದ ಮನೆ’ ಎಂದು ಒಂದು ನಿಟ್ಟುಸಿರು. ಅದೂ ಸಾಲದಾದರೆ ‘ದೆವ್ವದ ಮನೆ’ ಎಂಬ ಕಟ್ಟುಕತೆ. ಹೀಗೆ ತೆಗೆದ ಚಿತ್ರದಿಂದ ಆ ಮನೆಯು ಎರಡನೆಯ ಸಲ ಅನಾಥವಾಗುತ್ತದೆ.

ಮನೆಗಳನ್ನು ಬರಿದುಮಾಡುವವನು ಕಾಲನೆಂಬುದು ಸುಲಭವಾದ ಮಾತು. ನಿಜವಾದ ಕಾರಣಗಳಿಗೆ ತೇದಿಗಳಿವೆ. ತುಳುನಾಡಿನ ಗುತ್ತಿನ ಮನೆಗಳನ್ನೇ ತೆಗೆದುಕೊಳ್ಳಬಹುದು. ಅಳಿಯಸಂತಾನದ ಕುಟುಂಬಗಳು ಪಾಲಾಗುವುದಕ್ಕೆ 1949ರ ಮದರಾಸು ಅಳಿಯಸಂತಾನ ಕಾಯಿದೆಯು ದಾರಿ ತೆರೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಪದ್ಧತಿಯು ಮುಗಿಯಿತು. ಉಳುವವನಿಗೆ ನೆಲ ದೊರೆತುದು ನ್ಯಾಯವೇ ಸರಿ; ಆದರೆ ಗೇಣಿಯ ಅಕ್ಕಿಯಿಂದ ತುಂಬುತ್ತಿದ್ದ ಕಣಜವನ್ನೂ ನೂರು ಮಂದಿಗೆ ಸಾಲುವ ಚಾವಡಿಯನ್ನೂ ಆಮೇಲೆ ಸಾಕುವವರು ಯಾರು? ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಹೋದರು. ಹೋದವರಾದರೂ ಮರೆತರೇ? ಎಷ್ಟೋ ಕುಟುಂಬದವರು ದೈವದ ನೇಮಕ್ಕೆಂದು ಇಂದಿಗೂ ಆ ಮನೆಯ ಅಂಗಳದಲ್ಲಿ ಸೇರುತ್ತಾರೆ. ಅಂತಹ ಮನೆಯನ್ನು ವಾರಸುದಾರರಿಲ್ಲದ್ದೆಂದು ಸಾರುವುದು ಬರಿಯ ಅಜ್ಞಾನವಲ್ಲ, ಬದುಕಿರುವವರಿಗೆ ಮಾಡುವ ಅಪಚಾರ.

ಶರಾವತಿಯ ಕಣಿವೆಯ ಕತೆ ಇನ್ನೂ ಕಠಿಣವಾದುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಮನೆ, ಗುಡಿಗಳೊಡನೆ ಹಳ್ಳಿಗಳೇ ನೀರಿನೊಳಗಾದುವು. ನಾಡಿಗೆ ದೀಪ ಬರಲೆಂದು ಅಲ್ಲಿಯ ಒಲೆಗಳು ಆರಿದುವು. ಒಕ್ಕಲೆದ್ದು ಹೋದವರಲ್ಲಿ ಅನೇಕರ ನೆಲದ ಹಕ್ಕಿನ ತಕರಾರು ಆರು ದಶಕ ಕಳೆದ ಮೇಲೂ ತೀರಿಲ್ಲ. ನೀರು ಬಹಳವಾಗಿ ಇಳಿದ ಬೇಸಗೆಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ನೋಡುವುದಕ್ಕೆ ಜನ ಮುಗಿಬೀಳುತ್ತಾರೆ. ಚಿತ್ರಗಳು ಊರೂರು ಸುತ್ತುತ್ತವೆ. ಅವುಗಳಲ್ಲಿ ಎಷ್ಟರ ಕೆಳಗೆ ಮುಳುಗಿದ ಒಂದು ಹಳ್ಳಿಯ ಹೆಸರಾದರೂ ಇರುತ್ತದೆ?

ಛಾಯಾಗ್ರಹಣವೇ ದೋಷವೆಂದು ಇದರ ಅರ್ಥವಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಚಿತ್ರಗಳನ್ನು ತೆಗೆದನು. ವಿಠ್ಠಲನ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಅದರಲ್ಲಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. ಸ್ಥಳವೂ ಕಾಲವೂ ತಿಳಿದಿರುವುದರಿಂದಲೇ ಆ ಚಿತ್ರವು ಸಾಕ್ಷಿಯಾಯಿತು. ಹೆಸರಿಲ್ಲದ ಬಂಡಿಯೊಂದರ ಚಿತ್ರವಾಗಿದ್ದರೆ ಅದು ಯಾವ ವಾದಕ್ಕೂ ಒದಗುತ್ತಿರಲಿಲ್ಲ.

ಗುಡಿಗಿಂತ ಮನೆಗೇ ಈ ಸಾಕ್ಷಿಯು ಹೆಚ್ಚು ಅವಶ್ಯಕ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನೂರು ವರ್ಷ ಕಳೆದವುಗಳಲ್ಲಿ ರಾಷ್ಟ್ರೀಯ ಮಹತ್ತ್ವವುಳ್ಳವೆಂದು ಸಾರಲ್ಪಟ್ಟವುಗಳನ್ನು ಮಾತ್ರ ಕಾಯುತ್ತದೆ; ಒಬ್ಬ ಅಡಕೆ ಬೆಳೆಗಾರನ ಮಣ್ಣಿನ ಮನೆಗೆ ಅಲ್ಲಿ ಸ್ಥಾನವೆಲ್ಲಿ? ಮಣ್ಣಿನ ಮನೆಯಾದರೋ ಕಲ್ಲಿನ ಗುಡಿಯಂತೆ ಕಾದು ಕುಳಿತಿರುವುದಿಲ್ಲ. ಒಲೆಯ ಹೊಗೆ ನಿಂತೊಡನೆ ಹುಳುಗಳು ತೊಲೆಯನ್ನು ಸೇರುತ್ತವೆ. ಒಂದು ಹೆಂಚು ಜಾರಿದರೆ ಮಳೆಯ ನೀರು ಪಕಾಸಿಗೆ ಇಳಿಯುತ್ತದೆ. ಮಾಡು ಕುಸಿದರೆ ಗೋಡೆಯು ಕೆಲವೇ ಮಳೆಗಾಲಗಳಲ್ಲಿ ಕರಗಿ ಮಣ್ಣಿನ ದಿಬ್ಬವಾಗುತ್ತದೆ. ಹೀಗಿರುವಲ್ಲಿ ಎಷ್ಟೋ ಮನೆಗಳಿಗೆ ಹಾದಿಹೋಕನೊಬ್ಬನ ಛಾಯಾಚಿತ್ರವೇ ಕಡೆಯ ದಾಖಲೆ.

‘ಕಲೆಗೆ ವಿಳಾಸವೇಕೆ? ಚೆಲುವೇ ಸಾಲದೆ?’ ಎಂದು ಕೆಲವರು ಕೇಳುವರು. ಕುಂಚದಿಂದ ಬರೆದ ಮನೆಯು ಕಲಾವಿದನದು. ಛಾಯಾಚಿತ್ರದಲ್ಲಿರುವ ಮನೆಯು ಮತ್ತೊಬ್ಬರದು. ಮತ್ತೊಬ್ಬರ ಹೊಸ್ತಿಲು ದಾಟಿ ಒಳಹೊಕ್ಕವನು ಅವರ ಹೆಸರನ್ನು ಕೇಳುವಷ್ಟು ಸೌಜನ್ಯವನ್ನಾದರೂ ತೋರಿಸಬೇಡವೆ?

‘ಸ್ಥಳ ತಿಳಿಸಿದರೆ ಕೆತ್ತನೆಯ ಕಂಬಗಳೂ ಬಾಗಿಲುಗಳೂ ಕಳ್ಳರ ಪಾಲಾಗುವುವು’ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದುದರಿಂದ ಬಹಿರಂಗದಲ್ಲಿ ತಾಲ್ಲೂಕಿನ ಹೆಸರು ಸಾಕು. ಪೂರ್ಣವಾದ ವಿವರವನ್ನು ಮನೆಯವರಿಗೂ, ಊರಿನ ಗ್ರಂಥಾಲಯಕ್ಕೋ ಸಾಹಿತ್ಯ ಸಂಘಕ್ಕೋ ಒಪ್ಪಿಸತಕ್ಕದ್ದು. ಕಳ್ಳರ ಭಯವನ್ನು ಹೇಳಿ ಏನನ್ನೂ ಬರೆದಿಡದಿರುವುದು ಜಾಗರೂಕತೆಯಲ್ಲ, ಸೋಮಾರಿತನ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಳಿಯುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅಷ್ಟು ದೊಡ್ಡ ಕೆಲಸ ಎಲ್ಲರಿಗೂ ಸಾಧ್ಯವಲ್ಲ. ಆದರೆ ಅಂಗಳದ ಉದ್ದಗಲಗಳನ್ನು ಅಳೆಯುವುದಕ್ಕೂ, ದೇವರ ಕೋಣೆ ಯಾವುದು, ಬಾಣಂತಿಯ ಕೋಣೆ ಯಾವುದು ಎಂದು ನೆರೆಯ ಮುದುಕಿಯನ್ನು ಕೇಳಿ ಬರೆದುಕೊಳ್ಳುವುದಕ್ಕೂ ಹಣವೇನೂ ಬೇಡ. ಒಂದು ಮಧ್ಯಾಹ್ನದ ಹೊತ್ತು ಸಾಕು. ಬಿಸಿಲಿನ ಕೋಲು ಸರಿಯಾದ ಜಾಗಕ್ಕೆ ಬೀಳಲೆಂದು ಎರಡು ಗಳಿಗೆ ಕಾಯಬಲ್ಲವರು ಆ ಮುದುಕಿಯ ಮಾತಿಗೂ ಕಾಯಬಲ್ಲರು. ಬಿಸಿಲು ನಾಳೆಯೂ ಬರುವುದು. ಆಕೆಯ ನೆನಪು ನಾಳೆಗೆ ಇರುವುದೆಂಬ ಭರವಸೆಯಿಲ್ಲ.