ಮುಚ್ಚಿದ ಪ್ಯಾಕೆಟ್ ಬೇಡ ಕಣ್ರೇ

ಶಿಕಾರಿಪುರ ಪೇಟೆಗೆ ಹೋದಾಗ ಹತ್ರೂಪಾಯಿ ಅಂಗಡಿಯಿಂದ ಮಕ್ಕಳಿಗೆ ಅಂತ ಕ್ರಿಕೆಟ್ ಕಾರ್ಡಿನ ಪ್ಯಾಕೆಟ್ ತರೋದು ಇನ್ನು ಸಾಕು ಮಾಡಿ. ನಿಮಗೆ ಸಿಟ್ಟು ಬಂದ್ರೂ ಪರವಾಗಿಲ್ಲ, ಹೇಳ್ತೀನಿ.

ಹೋದ ವಾರ ನನ್ನ ಮೊಮ್ಮಗ ಹಾಲಿನ ದುಡ್ಡಿನ ಡಬ್ಬಿಯಿಂದ 100 ರೂಪಾಯಿ ತಗೊಂಡು ಹತ್ತು ಪ್ಯಾಕೆಟ್ ತಂದ. ಬಚ್ಚಲುಮನೆ ಹಿಂದೆ ಕೂತು ಒಂದೊಂದೇ ಹರಿದಿದಾನೆ. ಬೇಕಾಗಿದ್ದು ಕೊಹ್ಲಿ. ಬಂದಿದ್ದು ನಾಲ್ಕು ಜಡೇಜ, ಉಳಿದಿದ್ದೆಲ್ಲ ಮನೇಲಿ ಮೊದಲೇ ಇದ್ದಿದ್ದು. ಅವರಪ್ಪ ಬರ್ಲು ಹಿಡ್ಕೊಂಡು ಬಂದ. ನಾನು ಅಡ್ಡ ನಿಂತೆ.

"ಕದ್ದಿದ್ದು ತಪ್ಪಲ್ವಾ ಅತ್ತೆ?" ಅಂದ್ಲು ಸೊಸೆ. ತಪ್ಪೇ. ಆದ್ರೆ ಒಳಗೆ ಎಂತ ಇದೆ ಅಂತ ತೋರಿಸದೆ ಮಾರೋದು ಯಾವ ವ್ಯಾಪಾರ? ಸಂತೇಲಿ ಬದನೆಕಾಯಿನೂ ಹುಳ ಇದೆಯಾ ಅಂತ ತಿರುಗ್ಸಿ ನೋಡಿ ತರೋರು ನಾವು. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಾಗ ಒಳ್ಳೇದಾಯ್ತು ಅಂದೋರೂ ನಾವೇ. ಅದೇ ಚಟ ಈಗ ಬಣ್ಣದ ಪ್ಲಾಸ್ಟಿಕ್ ಸುತ್ಕೊಂಡು ಮಕ್ಕಳ ಕೈಗೆ ಬಂದಿದೆ.

"ನಮ್ಮ ಕಾಲದಲ್ಲೂ ಇತ್ತಲ್ಲ" ಅಂತೀರಿ. ಸೊರಬದ ತವರಲ್ಲಿ ನನ್ನ ತಮ್ಮಂದಿರೂ ಬೆಂಕಿಪೊಟ್ಟಣದ ಚಿತ್ರ ಕೂಡಿಡ್ತಿದ್ರು. ಆದ್ರೆ ಪೊಟ್ಟಣ ತಂದಿದ್ದು ಒಲೆ ಹಚ್ಚೋಕೆ. ಚಿತ್ರ ಬಿಟ್ಟಿ, ಅದೂ ಹೊರಗೇ ಕಾಣ್ತಿತ್ತು.

ಇನ್ನೊಂದು ಮಾತು. ಲಕ್ಕಿ ಡ್ರಾ ಕೂಪನ್ ಆಸೆಗೆ ಬೇಡದ ಸೀರೆ ತಂದೋಳು ನಾನು. ಹುಡುಗ ಇನ್ಯಾರಿಂದ ಕಲಿತಾನೆ?

ಕೊಡ್ಸೋದಾದ್ರೆ ಇಡೀ ಸೆಟ್ ಒಂದೇ ಸಲ ಕೊಡ್ಸಿ, ಕೇರಿ ಮಕ್ಕಳೆಲ್ಲ ಆಡ್ಲಿ. ಮುಚ್ಚಿದ ಪ್ಯಾಕೆಟ್ ಬೇಡ, ಬರ್ಲೂ ಬೇಡ. ಡಬ್ಬಿಗೆ ನಾನೇ ನೂರು ಹಾಕಿದೀನಿ. ಅವನು ದಿನಾ ಹೂವಿನ ಗಿಡಕ್ಕೆ ನೀರು ಹೊತ್ತು ತೀರಿಸ್ತಿದಾನೆ.